ಔಕುಸೋ ಪೇರಿಸಿದ ಕಲ್ಲು

ಕಡಲಿಗೆ ಚಾಚಿದ ಮುಲಿನೂವಿನ ತುದಿಗೆ ಬಂದವರೆಲ್ಲ ಸಮೋವಾದ ಸಂಸತ್ ಭವನ ನೋಡಿಕೊಂಡು ಹೋಗುತ್ತಾರೆ. ನೋಡಲಿ ಬಿಡಿ, ಬೇಡ ಅಂದವರಾರು? ದುಂಡಗಿನ ಮಾಡು, ಸುತ್ತ ಕಂಬಗಳು, ಎದುರಿಗೆ ಕಣ್ಣು ಹಾಯುವಷ್ಟು ಹುಲ್ಲುಬಯಲು. ಬಸ್ಸಿನಿಂದ ಇಳಿದು, ಬಾಗಿಲ ಮುಂದೆ ಹಲ್ಲು ಕಿರಿದು ಫೋಟೋ ಹೊಡೆಸಿಕೊಂಡು, ಎಂಜಿನ್ನು ಆರುವ ಮೊದಲೇ ಮತ್ತೆ ಹತ್ತಿ ಹೊರಡುವವರೇ ಹೆಚ್ಚು. ಅವರನ್ನು ಕಂಡರೆ ಔಕುಸೋನಿಗೆ ಅಯ್ಯೋ ಅನ್ನಿಸುತ್ತಿತ್ತು. "ಮದುವೆಮನೆಗೆ ಬಂದು ಚಪ್ಪರ ನೋಡ್ಕೊಂಡು ಉಣ್ಣದೆ ಹೋಗ್ತಾವಲ್ಲಪ್ಪ" ಎಂದು ಪೊರಕೆ ಊರಿಕೊಂಡು ನಿಲ್ಲುತ್ತಿದ್ದ.

ಊಟ ಇದ್ದದ್ದು ಹಿತ್ತಲಲ್ಲಿ. ಆ ಹಿತ್ತಲು ಪೂರಾ ಗೊತ್ತಿದ್ದವನು ಇಡೀ ಸಮೋವಾದಲ್ಲಿ ಔಕುಸೋ ಒಬ್ಬನೇ. ಮೂವತ್ತೊಂದು ವರ್ಷ ಆ ಬಯಲು ಗುಡಿಸಿದವನು, ಹುಲ್ಲು ಕತ್ತರಿಸಿದವನು. ಐವತ್ತೊಂಬತ್ತರ ಆಳು, ಹೊಟ್ಟೆ ಪಂಚೆಯ ಮೇಲೆ ಒಂದು ಗೇಣು ಮುಂದೆ, ಎಡಗಿವಿಯ ಮೇಲೆ ತಪ್ಪದೆ ಒಂದು ಕೆಂಪು ದಾಸವಾಳ. ಬಿಡುವಿದ್ದವರು ಯಾರಾದರೂ ಸಿಕ್ಕರೆ ಸಾಕು, "ಬನ್ನಿ ಬನ್ನಿ, ಈ ಕಡೆ" ಎಂದು ಭವನದ ಹಿಂದಕ್ಕೆ ಕರೆದೊಯ್ಯುತ್ತಿದ್ದ.

ಮೊದಲು ಕಡಲಗೋಡೆಯಲ್ಲಿ ಹೂತ ಕಬ್ಬಿಣದ ಬಳೆ. ಹಿಂದಿನ ಕಾಲದ ದೊಡ್ಡವರ ದೋಣಿ ಕಟ್ಟುತ್ತಿದ್ದ ಬಳೆ ಅದು, ತುಕ್ಕು ಹಿಡಿದು ತೊಡೆಯಷ್ಟು ದಪ್ಪವಾಗಿತ್ತು. ಆಮೇಲೆ ದೀವಿಹಲಸಿನ ಮರ. ಸವಾಯಿ ದ್ವೀಪದ ಹಳ್ಳಿಗಳಿಂದ ಮೊದಲ ಸಲ ಗೆದ್ದು ಬಂದ ಸದಸ್ಯರು ಒಳಗೆ ಹೋಗುವ ಮುಂಚೆ ಆ ಮರದ ಮುಂದೆ ನಿಂತು ಭಾಷಣ ಒಪ್ಪಿಸುತ್ತಿದ್ದರು. ಒಮ್ಮೆ ಒಬ್ಬರು ರಸ್ತೆ ಬೇಕು, ಸೇತುವೆ ಬೇಕು ಎಂದು ಕೈಯೆತ್ತಿ ಗರ್ಜಿಸುತ್ತಿರುವಾಗ ಮೇಲಿಂದ ಕಾಯೊಂದು ಧೊಪ್ಪನೆ ಅವರ ಕಾಲ ಬಳಿಯೇ ಬಿತ್ತು. ಔಕುಸೋ ಪೊರಕೆ ನಿಲ್ಲಿಸದೆ, "ಮರ ಒಪ್ಲಿಲ್ಲ ಸ್ವಾಮಿ, ಸ್ವಲ್ಪ ತಿದ್ದಿ ಹೇಳಿ" ಅಂದ. ಆ ಪುಣ್ಯಾತ್ಮರು ತಿದ್ದಿಯೂ ಹೇಳಿದರು.

ಇನ್ನು ಉಬ್ಬರ ಇಳಿದ ಹೊತ್ತಿನಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಕೆಸರು. ಅಲ್ಲಿ ಸಾವಿರಾರು ಪುಟ್ಟ ಏಡಿಗಳು, ಒಂದೊಂದಕ್ಕೂ ಇಕ್ಕಳದಂಥ ಒಂದೇ ದೊಡ್ಡ ಕೈ, ಅದನ್ನು ಮೇಲೆತ್ತಿ ಅಲ್ಲಾಡಿಸುತ್ತ ಕೂತಿರುತ್ತವೆ. "ಇದೂ ಒಂದು ಸಂಸತ್ತೇ ನೋಡಿ. ಎಲ್ರೂ ಕೈ ಎತ್ತಿದಾರೆ, ಅವಕಾಶ ಕೊಡೋರೇ ಇಲ್ಲ!" ಎಂದು ಹೇಳಿ ತಾನೇ ಮೊದಲು ನಗುತ್ತಿದ್ದ. ಮೂವತ್ತೊಂದು ವರ್ಷ ಅದೇ ಮಾತು, ಅದೇ ನಗು. ಜೊತೆಗಾರ ಫಲನಿಕೋ ಅಂತೂ ಆ ಮಾತು ಶುರುವಾದರೆ ಕಿವಿ ಮುಚ್ಚಿಕೊಂಡು ಓಡುತ್ತಿದ್ದ.

ಕೊನೆಗೆ, ದೊಡ್ಡ ಮನೆತನದವರ ಅಂತಸ್ತು ಅಂತಸ್ತಿನ ಗೋರಿಗಳನ್ನು ದಾಟಿ, ಕಡಲಗೋಡೆ ತಿರುಗುವ ಮೂಲೆಯಲ್ಲಿ ಒಂದು ಪುಟ್ಟ ಕರಿಕಲ್ಲಿನ ಗೋರಿ. ಮೊಳಕಾಲೆತ್ತರ, ಮೂರು ಅಂತಸ್ತು. ಮೇಲೆ ಹೆಸರಿಲ್ಲ, ಶಿಲುಬೆಯಿಲ್ಲ. ಅಲ್ಲಿಗೆ ಬಂದಾಗ ಔಕುಸೋ ಕಿವಿಯ ಹೂವು ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ, ದನಿ ಇಳಿಸುತ್ತಿದ್ದ. ಕೇಳುವವರ ಕಣ್ಣಲ್ಲಿ ನೀರು ಬಾರದೆ ಆ ಕಥೆ ಮುಗಿಯುತ್ತಿರಲಿಲ್ಲ.

ಕಥೆ ಇಷ್ಟು. ಜರ್ಮನ್ನರು ಆಳುತ್ತಿದ್ದ ಕಾಲದಲ್ಲಿ ತಮ್ಮ ಮಾತು ಕೇಳದ ಮುಖಂಡರನ್ನು ಹಡಗಿಗೆ ಹತ್ತಿಸಿ, ವಾರಗಟ್ಟಲೆ ದೂರದ ದ್ವೀಪಕ್ಕೆ ಗಡೀಪಾರು ಮಾಡಿದರಲ್ಲ, ಅವರ ಜೊತೆ ಹೋದ ಒಬ್ಬ ಸೇವಕ ತಿರುಗಿ ಬರುವ ಹಡಗಿನಲ್ಲಿ ಕಾಯಿಲೆ ಬಿದ್ದನಂತೆ. ಮುಲಿನೂವಿನ ತುದಿ ಕಣ್ಣಿಗೆ ಬಿದ್ದಾಗ ಎದ್ದು ಕೂತು, "ಅಗೋ, ನಮ್ಮೂರು" ಎಂದು ಪ್ರಾಣ ಬಿಟ್ಟನಂತೆ. ಅವನ ಹೆಸರು ಯಾರಿಗೂ ಗೊತ್ತಿಲ್ಲದೆ, ದಡದಲ್ಲಿದ್ದವರೇ ಮಣ್ಣು ಮಾಡಿದರಂತೆ.

ಸುಳ್ಳು. ಅಪ್ಪಟ ಸುಳ್ಳು. ಆ ಕಲ್ಲಿನ ಕೆಳಗೆ ಒಂದು ಕೋಳಿಯ ಮೂಳೆಯೂ ಇರಲಿಲ್ಲ.

ಔಕುಸೋ ಕೆಲಸಕ್ಕೆ ಸೇರಿದ ಮೊದಲ ವರ್ಷ ಬಯಲ ತುಂಬ ಕಲ್ಲು. ಹುಲ್ಲು ಕತ್ತರಿಸುವ ಯಂತ್ರದ ಅಲಗು ಎರಡು ಸಲ ಮುರಿದು, ಮೇಸ್ತ್ರಿಯಿಂದ ಬೈಸಿಕೊಂಡಿದ್ದ. ಒಂದು ತಿಂಗಳು ಬಗ್ಗಿ ಬಗ್ಗಿ ಕಲ್ಲು ಆರಿಸಿ ಮೂಲೆಗೆ ಹೊತ್ತು ಹಾಕಿದ. ಹಾಗೇ ಗುಡ್ಡೆ ಹಾಕಿದರೆ ಚೆನ್ನಾಗಿ ಕಾಣುವುದಿಲ್ಲ ಎಂದು, ದಿನವೂ ಕಣ್ಣೆದುರಿಗಿದ್ದ ದೊಡ್ಡವರ ಗೋರಿಗಳ ಹಾಗೆಯೇ ಮೂರು ಅಂತಸ್ತಾಗಿ ಪೇರಿಸಿಟ್ಟ. ಅಷ್ಟೇ ನಡೆದದ್ದು. ಮಾರನೆಯ ವರ್ಷ ದಕ್ಷಿಣ ಕರಾವಳಿಯ ಚರ್ಚಿನ ಹೆಂಗಸರು ಒಂದು ಗುಂಪು ಬಂದು, "ಇದ್ಯಾರದಪ್ಪಾ?" ಎಂದು ಕೇಳಿದರು. "ಕಸ ತಾಯೀ, ನಾನೇ ಪೇರಿಸಿದ್ದು" ಅನ್ನಲು ಬಾಯಿ ತೆರೆದವನ ಬಾಯಿಂದ, "ಪಾಪ, ಹೆಸರಿಲ್ಲದವನದು ತಾಯೀ" ಎಂದು ಬಂತು. ಹನ್ನೆರಡು ಹೆಂಗಸರು ಲೊಚಗುಟ್ಟಿ ತಲೆ ತಗ್ಗಿಸಿದರು.

ಅದರ ರುಚಿ ಏನೆಂದು ಹೇಳಬೇಕಾದರೆ ಒಂದು ಮಾತು ಹೇಳಲೇಬೇಕು. ಔಕುಸೋನಿಗೆ ಮನೆತನದ ಪಟ್ಟ ಇರಲಿಲ್ಲ. ಪಟ್ಟವಿದ್ದವನು ಸಭೆಯಲ್ಲಿ ಕಂಬಕ್ಕೆ ಒರಗಿ ಕೂರುತ್ತಾನೆ, ಮಾತಾಡುತ್ತಾನೆ. ಪಟ್ಟವಿಲ್ಲದವನು ಹಿಂದೆ ಒಲೆಯ ಬಳಿ ಹಂದಿ ಸುಡುತ್ತಾನೆ, ಬಗ್ಗಿ ಬಗ್ಗಿ ಬಡಿಸುತ್ತಾನೆ, ಬಾಯಿ ತೆರೆಯುವುದು ತಿನ್ನಲಿಕ್ಕೆ ಮಾತ್ರ. ಔಕುಸೋನ ಅಣ್ಣನಿಗೆ ಪಟ್ಟ ಬಂತು, ಅಣ್ಣ ಸತ್ತ ಮೇಲೆ ಅಣ್ಣನ ಮಗನಿಗೆ ಬಂತು, ಇವನು ಒಲೆಯ ಬಳಿಯೇ ಮುದುಕನಾದ. ಎದುರಿಗಿನ ಭವನದ ತುಂಬ ಮಾತಾಡುವವರೇ, ಇವನ ಮಾತಿಗೆ ಮಾತ್ರ ಕಿವಿ ಇರಲಿಲ್ಲ. ಆ ಮೂಲೆಯಲ್ಲಿ, ಆ ಕಲ್ಲಿನ ಮುಂದೆ, ಜನ ಅವನ ಬಾಯಿ ನೋಡುತ್ತ ನಿಂತರು. ನೀವೇ ಹೇಳಿ, ಯಾರು ಬಿಟ್ಟಾರು? ವರ್ಷ ವರ್ಷ ಉಪ್ಪು ಖಾರ ಸೇರಿ ಕಥೆ ಬೆಳೆಯಿತು. ಹೆಸರಿಲ್ಲದವನು ಸೇವಕನಾದ, ಸೇವಕ ಹಡಗು ಹತ್ತಿದ, ಹಡಗಿನಲ್ಲಿ ಎದ್ದು ಕೂತ.

ಅವನ ಹೆಂಡತಿ ಎಮೆಲೀಗೆ ಇದೆಲ್ಲ ಗೊತ್ತಿತ್ತು. "ಒಂದಿನ ಆ ಹೆಣ ಎದ್ದು ಬಂದು ನಿನ್ನ ಕೆನ್ನೆಗೆ ಬಾರಿಸುತ್ತೆ ನೋಡ್ತಿರು" ಅನ್ನುತ್ತಿದ್ದಳು.

ಹೆಣ ಬರಲಿಲ್ಲ. ಹೆಣದ ಮಗಳು ಬಂದಳು.

ಒಂದು ಮಂಗಳವಾರ ಬೆಳಗ್ಗೆ ಟ್ಯಾಕ್ಸಿಯೊಂದು ಭವನದ ಮುಂದೆ ನಿಲ್ಲದೆ ನೇರ ಹಿಂದಕ್ಕೆ ಬಂತು. ಓಡಿಸುತ್ತಿದ್ದವನು ಎಟುವಾಲೆ, ಕೊಲ್ಲಿಯಾಚೆ ವಾಯುಸು ಊರಿನವನು. ಹಿಂದಿನ ಸೀಟಿನಿಂದ ಒಬ್ಬ ಮುದುಕಿ ಇಳಿದಳು. ಬಿಳಿ ಉಡುಪು, ಬಿಳಿ ಟೋಪಿ, ಕೈಯಲ್ಲಿ ಕೋಲು, ಬಟ್ಟೆಯಲ್ಲಿ ಸುತ್ತಿದ ಬೈಬಲ್ಲು. ಸುಲಾಮಿ ಅಂತ ಹೆಸರು, ಎಟುವಾಲೆಯ ದೊಡ್ಡಮ್ಮ, ಸವಾಯಿಯಿಂದ ಹಿಂದಿನ ದಿನದ ಹಡಗಿಗೆ ಬಂದವಳು. ವಯಸ್ಸು ಎಂಬತ್ತೇಳು.

"ಫೋನೋ ಮನೆ ಈ ಕಡೆ ಅಜ್ಜೀ" ಅಂದ ಔಕುಸೋ. ನಮ್ಮ ಕಡೆ ಸಂಸತ್ತಿಗೆ ಹಾಗೆ ಹೇಳುವುದು.

"ಅದನ್ಯಾಕೆ ನೋಡ್ಲಿ, ದಿನಾ ರೇಡಿಯೋದಲ್ಲಿ ಅವರ ಜಗಳ ಕೇಳ್ತೀನಲ್ಲ. ಮೂರು ಅಂತಸ್ತಿನ ಗೋರಿ ಇದೆಯಂತೆ, ಹಡಗಲ್ಲಿ ಸತ್ತೋನದ್ದು. ನಮ್ಮ ಚರ್ಚಿನ ಹೆಂಗಸರು ಬಂದು ನೋಡಿ ಹೋದ್ರು. ಅದನ್ನ ತೋರ್ಸು."

ಔಕುಸೋ ಹಿಗ್ಗಿಹೋದ. ಸವಾಯಿಯವರೆಗೆ ಹೋಗಿದೆಯಲ್ಲ ತನ್ನ ಕಥೆ! ಹೂವು ತೆಗೆದು ಕೈಯಲ್ಲಿ ಹಿಡಿದ, ದನಿ ಇಳಿಸಿದ, ಅಂದು ಹೇಳಿದಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ಮುದುಕಿ ಕಲ್ಲನ್ನೇ ನೋಡುತ್ತ ನಿಂತಿದ್ದಳು. ಕಥೆ ಮುಗಿದ ಮೇಲೆ ಮೆಲ್ಲಗೆ ಕೇಳಿದಳು:

"ಅವನ ಕೈ ಹೆಂಗಿತ್ತು ಅಂತ ಯಾರಾದ್ರೂ ಹೇಳಿದ್ರಾ?"

ಆ ಮುಖದಲ್ಲಿ ಅದೆಂಥ ಆಸೆ ಇತ್ತೋ. ಬರಿಗೈಯಲ್ಲಿ ಕಳಿಸಲು ಔಕುಸೋನಿಗೆ ಮನಸ್ಸಾಗಲಿಲ್ಲ. "ಹೇಳಿದ್ರು ಅಜ್ಜೀ. ಹುಟ್ಟು ಹಾಕಿ ಹಾಕಿ ಅಂಗೈ ತುಂಬ ಗಟ್ಟಿ ಬೊಬ್ಬೆ ಇತ್ತಂತೆ" ಅಂದ. ಆ ಕ್ಷಣದಲ್ಲಿ ಹೊಳೆದದ್ದು ಅದು. ಸಮುದ್ರದ ದಡದಲ್ಲಿ ಮತ್ತೇನು ಹೊಳೆದೀತು?

ಮುದುಕಿಯ ಕೋಲು ಕೆಳಗೆ ಬಿತ್ತು. ಎಟುವಾಲೆ ಓಡಿಬಂದು ಹಿಡಿದುಕೊಳ್ಳದಿದ್ದರೆ ಅವಳೂ ಬೀಳುತ್ತಿದ್ದಳು.

"ನಮ್ಮಪ್ಪ ಕಣೋ" ಅಂದಳು. "ತಾವಿಲಿ ಅಂತ. ನಮ್ಮೂರ ಮುಖಂಡರ ದೋಣಿಗೆ ಹುಟ್ಟು ಹಾಕ್ತಿದ್ದ. ಅವರನ್ನ ಹಡಗಿಗೆ ಹತ್ತಿಸಿದಾಗ ಇವನೂ ಜೊತೆಗೆ ಹೋದ. ನಾನಾಗ ಮೂರು ತಿಂಗಳ ಕೂಸು. ಮುಖಂಡರ ಹೆಸರೆಲ್ಲ ಬರೆದಿಟ್ಟಿದಾರೆ, ಹುಟ್ಟು ಹಾಕೋನ ಹೆಸರು ಯಾರು ಬರೀತಾರೆ? ಅಮ್ಮ ಹೇಳೋಳು, ನಿಮ್ಮಪ್ಪನ ಅಂಗೈ ಮುಟ್ಟಿದ್ರೆ ತೆಂಗಿನ ಕರಟ ಮುಟ್ಟಿದಂಗೆ ಅಂತ. ಇಲ್ಲೀವರೆಗೂ ಬಂದಿದ್ದನಾ ನನ್ನಪ್ಪ! ಇಲ್ಲೀವರೆಗೂ ಬಂದು..."

ಆ ಕಲ್ಲುಗಳ ಮೇಲೆ ಬೋರಲು ಬಿದ್ದು ಅವಳು ಅತ್ತ ಅಳು ಔಕುಸೋನಿಂದ ನೋಡಲಾಗಲಿಲ್ಲ. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಎದ್ದು ಕೂತ ಮೇಲೆ ಮುದುಕಿ ಅವನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. "ನೀನು ಕಾಪಾಡಿಕೊಂಡು ಬಂದೆ ಮಗಾ. ಶುಕ್ರವಾರದ ಹಡಗಿಗೆ ಊರಿಗೆ ಹೋಗ್ತೀನಿ. ನಮ್ಮಮ್ಮ ಅಂಗಳದಲ್ಲಿ ಒಬ್ಬಳೇ ಮಲಗಿದಾಳೆ, ಐವತ್ತು ವರ್ಷ ಆಯ್ತು. ಅವಳ ಗೋರಿ ಬಿಚ್ಚಿ, ಮೂಳೆ ತೊಳೆದು, ಚಾಪೆಯಲ್ಲಿ ಸುತ್ತಿ ಇಲ್ಲಿಗೆ ತರ್ತೀನಿ. ದೊರೆಗಳ ಕಾಲು ಹಿಡಿದಾದ್ರೂ ಅಪ್ಪನ ಪಕ್ಕ ಜಾಗ ಕೇಳ್ತೀನಿ. ಅದೊಂದು ಆದ್ರೆ ನಾನು ಸಾಯ್ಬಹುದು."

ಟ್ಯಾಕ್ಸಿ ಹೋಯಿತು. ಔಕುಸೋ ಆ ಕಲ್ಲಿನ ಬಳಿಯೇ ಕೂತಿದ್ದ. ಫಲನಿಕೋ ಬಂದು ವಿಷಯ ಕೇಳಿ, ಮೊದಲು ಹೊಟ್ಟೆ ಹಿಡಿದು ನಕ್ಕ, ಆಮೇಲೆ ಗಲ್ಲ ಕೆರೆದುಕೊಂಡ.

"ಬಾಯಿ ಮುಚ್ಕೊಂಡು ಇದ್ಬಿಡಣ್ಣ. ಕಲ್ಲು ಬಾಯಿ ಬಿಡುತ್ತಾ? ಮುದುಕಿಗೆ ಸಮಾಧಾನ ಆಯ್ತು, ನಿಂಗೇನು ಗಂಟು ಹೋಯ್ತು?"

"ಅವಳ ತಾಯಿ ಮೂಳೆ ಅಗೀತಾಳಂತೆ ಕಣೋ! ನನ್ನ ಕಸದ ಗುಡ್ಡೆ ಪಕ್ಕ ತಂದು ಹೂಳ್ತಾಳಂತೆ!"

ಫಲನಿಕೋ ಕಲ್ಲಿನಿಂದ ಎರಡು ಹೆಜ್ಜೆ ಹಿಂದೆ ಸರಿದ. ಸತ್ತವರನ್ನು ಸುಮ್ಮಸುಮ್ಮನೆ ಎಬ್ಬಿಸಿದ ಮನೆಯಲ್ಲಿ ಮಕ್ಕಳ ಬಾಯಿ ಊದುತ್ತದೆ, ಬೆಳೆ ಕೊಳೆಯುತ್ತದೆ ಎಂದು ಅವನ ಅಜ್ಜಿಯೂ ಹೇಳಿದ್ದಳು, ಎಲ್ಲರ ಅಜ್ಜಿಯರೂ ಹೇಳಿದ್ದಾರೆ.

ಎರಡು ದಿನ ಔಕುಸೋನಿಗೆ ಅನ್ನ ನೀರು ಸೇರಲಿಲ್ಲ. ಎಮೆಲೀ ಕೆಸುವಿನೆಲೆಯಲ್ಲಿ ತೆಂಗಿನಹಾಲು ಕಟ್ಟಿ ಬೇಯಿಸಿ ಮುಂದಿಟ್ಟರೆ ಅದನ್ನು ತಳ್ಳಿಬಿಟ್ಟ. ಆ ತಿನಿಸನ್ನು ಅವನು ತಳ್ಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಎಮೆಲೀ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಾಯ್ತು ಬೊಗಳು."

ಬೊಗಳಿದ. ಅವಳು ನಗಲಿಲ್ಲ. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮೂವತ್ತು ವರ್ಷ ಬಡ್ಕೊಂಡೆ, ಕೇಳಿದ್ಯಾ?" ಅಂದಳು.

"ಹೋಗಿ ಹೇಳ್ಬಿಡ್ತೀನಿ ಕಣೇ."

"ಹೆಂಗೆ ಹೇಳ್ತೀಯಾ? ಗೇಟ್ ಹತ್ರ ನಿಂತ್ಕೊಂಡು, 'ಅಜ್ಜೀ, ನಿಮ್ಮಪ್ಪ ಇಲ್ಲಿಲ್ಲ, ಬರ್ತೀನಿ' ಅಂತಾನಾ? ಅವಳಪ್ಪನ್ನ ಒಂದ್ಸಲ ಜರ್ಮನ್ನರು ಕಿತ್ಕೊಂಡ್ರು. ಈಗ ಎರಡನೇ ಸಲ ನೀನು ಕಿತ್ಕೋತಿದ್ದೀಯಾ. ಇದು ಮನುಷ್ಯನ್ನ ಕೊಂದಷ್ಟೇ ತಪ್ಪು."

ಕೊಂದವರು ಏನು ಮಾಡುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಇಫೋಂಗಾ. ಬೆಳಕು ಹರಿಯುವ ಮುಂಚೆ ನೊಂದವರ ಮನೆಯ ಮುಂದೆ ಹೋಗಿ, ಕೇದಗೆಯ ನವಿರು ಚಾಪೆ ಹೊದ್ದು, ತಲೆ ತಗ್ಗಿಸಿ ಕೂರುವುದು. ಎದುರಿಗೆ ಸೌದೆ, ಎಲೆ, ಒಲೆಯ ಕಲ್ಲು ಇಡುವುದು, ಬೇಕಾದರೆ ನಮ್ಮನ್ನು ಹಂದಿಯ ಹಾಗೆ ಸುಟ್ಟು ತಿನ್ನಿ ಎಂದು. ಅವರು ಬಂದು ಚಾಪೆ ತೆಗೆದರೆ ಕ್ಷಮಿಸಿದ ಹಾಗೆ, ಆ ಚಾಪೆ ಅವರದ್ದಾಗುತ್ತದೆ. ತೆಗೆಯದೆ ಮಚ್ಚು ಬೀಸಿದರೆ, ಅದಕ್ಕೂ ತಲೆ ಕೊಟ್ಟು ಕೂತವರು. ಕೊಲೆಗೆ ಮಾಡುವ ಶಾಸ್ತ್ರ ಅದು, ಮನೆತನದ ಪಟ್ಟದವರು ಮುಂದೆ ನಿಂತು ಮಾಡಿಸುವಂಥದ್ದು. ಕಟ್ಟುಕಥೆ ಹೇಳಿದ್ದಕ್ಕೆ ಯಾರೂ ಇಫೋಂಗಾ ಕೂತದ್ದಿಲ್ಲ. ಅಣ್ಣನ ಮಗನನ್ನು ಕೇಳಿದರೆ ಅವನು ನಕ್ಕು, "ಚಿಕ್ಕಪ್ಪಾ, ನಮ್ಮ ಮಾನ ಕಳೀಬೇಡ" ಅಂದ.

"ಚಾಪೆ ಎಲ್ಲಿಂದ ತರ್ಲಿ?" ಎಂದ ಔಕುಸೋ.

ಎಮೆಲೀ ಹಾಸಿಗೆಯ ಕೆಳಗಿನಿಂದ ತನ್ನ ಚಾಪೆ ಎಳೆದು ತಂದಳು. ಅವಳ ತಾಯಿ ಎರಡು ವರ್ಷ ಕೂತು ನೇಯ್ದದ್ದು, ರೇಷ್ಮೆಯಷ್ಟು ನಯ, ಅಂಚಿಗೆ ಕೆಂಪು ಗರಿ. ತಾನು ಸತ್ತ ದಿನ ಹೊದಿಸಲಿಕ್ಕೆ ಎಂದು ಎತ್ತಿಟ್ಟದ್ದು. ಅದನ್ನು ತೆಗೆಯಬೇಡವೆಂದು ಔಕುಸೋ ಕೈ ಅಡ್ಡ ಹಿಡಿದ.

"ಬಿಡು. ನಾನು ಸತ್ರೆ ನಿನ್ನ ಹಳೇ ಪಂಚೆ ಹೊದಿಸು. ಮೇಲಿರೋನಿಗೆ ನನ್ನ ಗುರುತು ಸಿಗುತ್ತೆ" ಅಂದಳು ಅವಳು. ಔಕುಸೋ ಹೆಂಡತಿಯ ಮುಂದೆ ಅತ್ತುಬಿಟ್ಟ.

ಗುರುವಾರ ಕೋಳಿ ಕೂಗುವ ಹೊತ್ತಿಗೆ ಇಬ್ಬರೂ ತಳ್ಳುಗಾಡಿ ತಳ್ಳಿಕೊಂಡು ವಾಯುಸು ತಲುಪಿದ್ದರು. ಗಾಡಿಯಲ್ಲಿ ಸೌದೆ, ಬಾಳೆಲೆ, ಜೊತೆಗೆ ಆ ಗೋರಿಯ ಮೇಲಿನ ಅಂತಸ್ತಿನಿಂದಲೇ ತೆಗೆದ ಒಂಬತ್ತು ಕರಿಕಲ್ಲು. ಎಟುವಾಲೆಯ ಮನೆ ಗೋಡೆಯಿಲ್ಲದ ಹಳೆಯ ಕಾಲದ ಮನೆ. ಸುತ್ತ ಕಂಬ, ನಡುವೆ ಸೊಳ್ಳೆಪರದೆ ಕಟ್ಟಿ ಎಲ್ಲರೂ ಮಲಗಿದ್ದರು. ಅಂಗಳದಲ್ಲಿ ಕಲ್ಲು, ಸೌದೆ ಇಳಿಸಿ ಔಕುಸೋ ಚಾಪೆಯೊಳಗೆ ಕೂತ. ಎಮೆಲೀಯೂ ನುಗ್ಗಿ ಪಕ್ಕ ಕೂತಳು.

"ನೀನ್ಯಾಕೆ? ತಪ್ಪು ನಂದು."

"ಚಾಪೆ ನಂದು. ಬಾಯ್ಮುಚ್ಕೊಂಡು ಕೂತ್ಕೋ."

ಬೆಳಕು ಹರಿಯಿತು. ಮೊದಲು ನಾಯಿ ಬಂದು ಮೂಸಿತು. ಆಮೇಲೆ ಹೆಂಗಸೊಬ್ಬಳು "ಅಯ್ಯೋ ದೇವರೇ!" ಎಂದು ಕಿರಿಚಿದಳು. ಚಾಪೆಯ ಅಂಚಿನಿಂದ ಕಾಲುಗಳಷ್ಟೇ ಕಾಣುತ್ತಿದ್ದವು, ಒಂದೊಂದಾಗಿ ಹೆಚ್ಚುತ್ತಿದ್ದವು. "ಯಾರು ಸತ್ರು? ಯಾರನ್ನ ಕೊಂದ್ರು?" ಎಂದು ಅಕ್ಕಪಕ್ಕದವರ ಗುಸುಗುಸು. ಎಟುವಾಲೆಯ ಬರಿಗಾಲು ಎದುರಿಗೆ ಬಂದು ನಿಂತಿತು.

"ಯಾರೋ ಅದು? ಏನು ಮಾಡಿದ್ದೀಯಾ? ನನ್ನ ಟ್ಯಾಕ್ಸಿಗೇನಾದ್ರೂ ಗುದ್ದಿದ್ದೀಯಾ?"

ಇಂಥ ಹೊತ್ತಿನಲ್ಲಿ ಮನೆತನದ ಮಾತುಗಾರ ಎದ್ದು ನಿಂತು, ದೊಡ್ಡ ದೊಡ್ಡ ಮಾತಿನಲ್ಲಿ ಕ್ಷಮೆ ಕೇಳಬೇಕು. ಔಕುಸೋನ ಕಡೆ ಯಾರೂ ಇರಲಿಲ್ಲ. ಮೂವತ್ತು ವರ್ಷ ಕಥೆ ಹೇಳಿದ ಬಾಯಿಗೆ ಒಂದೂ ಚೆಂದದ ಮಾತು ಬರಲಿಲ್ಲ.

"ಮುಲಿನೂದಲ್ಲಿ ಬಯಲು ಗುಡಿಸೋನು" ಅಂದ ಚಾಪೆಯೊಳಗಿಂದಲೇ. "ಅದು ಗೋರಿ ಅಲ್ಲ. ಕೆಳಗೆ ಯಾರೂ ಇಲ್ಲ. ಹುಲ್ಲಿನ ಯಂತ್ರಕ್ಕೆ ಸಿಕ್ತಿದ್ದ ಕಲ್ಲು, ನಾನೇ ಪೇರಿಸಿದ್ದು. ಕಥೆ ನಾನೇ ಕಟ್ಟಿದ್ದು. ಅಜ್ಜೀ, ತಾಯಿ ಗೋರಿ ಮುಟ್ಟಬೇಡಿ."

ಆಮೇಲೆ ಎಟುವಾಲೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. "ಮಚ್ಚು ತಾ" ಎಂದು ಕೂಗಿದ. ಎಮೆಲೀಯ ಕೈ ಬಂದು ಔಕುಸೋನ ಕೈ ಹಿಡಿಯಿತು. ಮನೆಯೊಳಗಿಂದ ಸುಲಾಮಿಯ ದನಿ ಒಂದೇ ಮಾತು ಹೇಳಿತು: "ಬಿಡು ಅವರನ್ನ."

ಬಿಟ್ಟರು. ಬಿಟ್ಟೇಬಿಟ್ಟರು. ಒಳಗೆ ಬೆಳಗಿನ ಪ್ರಾರ್ಥನೆ ಆಯಿತು, ಕೋಕೋ ಕುದಿಯುವ ವಾಸನೆ ಬಂತು, ತಟ್ಟೆ ಲೋಟದ ಸದ್ದು ಕೇಳಿಸಿತು. ಚಾಪೆಯ ಕಡೆ ಯಾರೂ ಬರಲಿಲ್ಲ. ಬಿಸಿಲು ಏರಿತು. ಚಾಪೆಯೊಳಗೆ ಬೆವರು ಹರಿದು ಇಬ್ಬರೂ ತೊಯ್ದುಹೋದರು. ಔಕುಸೋನ ಮೊಳಕಾಲು ಮರಗಟ್ಟಿತು. ಇನ್ನು ತೆಗೆಯುವುದಿಲ್ಲ, ಇವತ್ತು ನಾಳೆ ಹೀಗೇ ಕೂರಬೇಕು, ಕೂರೋಣ, ನನಗೆ ತಕ್ಕದ್ದೇ ಅಂದುಕೊಂಡ. ಆದರೆ ಎಮೆಲೀಯ ಉಸಿರು ಏರುತ್ತಿದ್ದದ್ದು ಕೇಳಿ, ಚಾಪೆಯ ಅಂಚು ತುಸು ಎತ್ತಿ ಅವಳ ಕಡೆ ಗಾಳಿ ಬಿಟ್ಟ.

ನಡುಮಧ್ಯಾಹ್ನ ಕೋಲು ಊರುವ ಸದ್ದು ಬಂತು. ಬಿಳಿ ಉಡುಪಿನ ಅಂಚು, ಸುಕ್ಕುಗಟ್ಟಿದ ಎರಡು ಪಾದ. ಅವು ಒಂಬತ್ತು ಕಲ್ಲುಗಳ ಮುಂದೆ ಬಹಳ ಹೊತ್ತು ನಿಂತವು.

"ಆ ಬೊಬ್ಬೆ?" ಅಂದಳು ಸುಲಾಮಿ. "ಅಂಗೈ ತುಂಬ ಬೊಬ್ಬೆ ಇತ್ತು ಅಂದ್ಯಲ್ಲ?"

"ಅದೂ ಸುಳ್ಳು ತಾಯೀ. ನಿಮ್ಮ ಮುಖ ನೋಡಿ ಆಗಲೇ ಕಟ್ಟಿದ್ದು."

ಕೋಲು ಚಾಪೆಯ ಮೇಲಿಂದಲೇ ಅವನ ಹೆಗಲಿಗೆ ಫಟೀರೆಂದು ಬಿತ್ತು. ಎಂಬತ್ತೇಳರ ಕೈಯಲ್ಲಿ ಅಷ್ಟು ಕಸುವಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಔಕುಸೋ ಅಲ್ಲಾಡಲಿಲ್ಲ. ಎರಡನೆಯ ಏಟಿಗೆ ಕಾದ. ಬರಲಿಲ್ಲ. ಬದಲಿಗೆ ಚಾಪೆ ಮೇಲೆದ್ದಿತು, ಬಿಸಿಲು ಕಣ್ಣಿಗೆ ಹೊಡೆಯಿತು. ಮುದುಕಿ ಅವನ ಎದುರಿಗೇ ನೆಲದ ಮೇಲೆ ಕೂತಿದ್ದಳು, ಚಾಪೆ ಅವಳ ಮಡಿಲಲ್ಲಿತ್ತು.

"ಹಂಗಾದ್ರೆ ನಮ್ಮಪ್ಪ ಎಲ್ಲಿ?"

"ನಂಗೆ ಗೊತ್ತಿಲ್ಲ ತಾಯೀ."

ಸುಲಾಮಿ ತಲೆಯಾಡಿಸಿದಳು. "ಅಮ್ಮ ಹೇಳಿದ್ಲು, ಮುಂದಿನ ಹಡಗಿಗೆ ಬರ್ತಾನೆ ಅಂತ. ನಮ್ಮ ಮಾವ ಹೇಳ್ದ, ಅಲ್ಲೇ ಇನ್ನೊಂದು ಮದುವೆ ಆಗಿ ರಾಜನ ಹಂಗೆ ಇದಾನೆ ಅಂತ. ಪಾದ್ರಿ ಹೇಳಿದ್ರು, ಸ್ವರ್ಗದಲ್ಲಿದಾನೆ ಅಂತ. ತಿರುಗಿ ಬಂದ ಮುಖಂಡರು ನನ್ನ ತಲೆ ಸವರಿ, ಒಳ್ಳೇನು ನಿಮ್ಮಪ್ಪ, ಅಂದು ಆ ಕಡೆ ತಿರುಗಿದ್ರು. ಎಲ್ಲಾರೂ ನನ್ನ ಮುಖ ನೋಡಿ ನೋಡಿ ಕಥೆ ಹೇಳಿದ್ರು. ಹೇಳಿದ್ದು ಸುಳ್ಳು ಅಂತ ತಿರುಗಿ ಬಂದು ಹೇಳಿದೋನು ನೀನೊಬ್ಬನೇ."

ಎಮೆಲೀ ಗೊಳೋ ಎಂದು ಅತ್ತಳು. ಮುದುಕಿ ಅವಳ ಕಡೆ ತಿರುಗಿ, "ಇವಳಿಗೆ ನೀರು ಕೊಡ್ರೋ, ಬೆಂದು ಹೋಗಿದಾಳೆ" ಎಂದು ಗದರಿದಳು. ಎಟುವಾಲೆ, ಆಗ ಮಚ್ಚಿಗೆ ಕೂಗಿದವನು, ತಾನೇ ಎಳನೀರು ಕೆತ್ತಿ ತಂದುಕೊಟ್ಟ.

"ಚಾಪೆ ಇವಳದ್ದು ಅಜ್ಜೀ, ಸಾವಿಗೆ ಇಟ್ಕೊಂಡಿದ್ದು" ಅಂದ ಔಕುಸೋ.

ಸುಲಾಮಿ ಚಾಪೆಯ ಅಂಚಿನ ಗರಿ ಸವರಿ ನೋಡಿದಳು. ನೇಯ್ಗೆ ಬಲ್ಲವಳು ಅವಳು. ಮಡಿಸಿ ಎಮೆಲೀಯ ಮಡಿಲಿಗೆ ಇಟ್ಟಳು. "ನಾನು ತಗೊಂಡೆ, ನಾನೇ ಕೊಟ್ಟೆ. ಎತ್ತಿಟ್ಕೋ. ಆದ್ರೆ ಅವಸರ ಮಾಡಬೇಡ, ಇವನನ್ನ ಕಾಯೋರು ಬೇಕು." ಆಮೇಲೆ ಔಕುಸೋನ ಕಡೆ ತಿರುಗಿ ಕೇಳಿದಳು: "ಉಳಿದ ಕಲ್ಲು ಎಷ್ಟಿದೆ?"

"ಒಂದು ಗಾಡಿ ಆಗುತ್ತೆ ತಾಯೀ. ಯಾಕೆ?"

"ಅಮ್ಮನ್ನ ನಾನು ಎಬ್ಬಿಸಲ್ಲ. ನೀನು ನಾಳೆ ನನ್ನ ಜೊತೆ ಹಡಗು ಹತ್ತು. ಎಲ್ಲಾ ಕಲ್ಲು ತಾ. ಅಮ್ಮನ ಪಕ್ಕ ಪೇರಿಸು, ಮೂರು ಅಂತಸ್ತು, ಅಲ್ಲಿ ಹೆಂಗಿತ್ತೋ ಹಂಗೇ. ಅಳೋಕೆ ಒಂದು ಜಾಗ ಬೇಕು ನಂಗೆ, ಅಷ್ಟೇ."

ಮೇಸ್ತ್ರಿಗೆ ಹೇಳಿದಾಗ ಅವನು, "ಮೂಲೆ ಖಾಲಿ ಆದ್ರೆ ಒಳ್ಳೇದೇ ಆಯ್ತಲ್ಲ" ಎಂದು ಎರಡು ದಿನ ರಜೆಯನ್ನೂ ಕೊಟ್ಟ. ಫಲನಿಕೋ, ಎಟುವಾಲೆ ಸೇರಿ ಕಲ್ಲು ತುಂಬಿದರು. ಹಡಗಿನ ಮೇಲೆ ಔಕುಸೋ ಗೋಣಿಚೀಲಗಳ ನಡುವೆ ಕೂತು, ವಾಂತಿ ತಡೆದುಕೊಳ್ಳುತ್ತ ಸವಾಯಿ ತಲುಪಿದ.

ಸುಲಾಮಿಯ ಮನೆಯ ಮುಂದೆ, ನಮ್ಮೆಲ್ಲರ ಮನೆಗಳ ಮುಂದಿರುವಂತೆ, ಸುಣ್ಣ ಬಳಿದ ಗೋರಿಯೊಂದಿತ್ತು. ಪಕ್ಕದ ನೆಲ ಹದ ಮಾಡಿ, ಶನಿವಾರ ಬೆಳಗಿನಿಂದ ಔಕುಸೋ ಒಬ್ಬನೇ ಪೇರಿಸಿದ. ಸಹಾಯಕ್ಕೆ ಬಂದವರಿಗೆ 'ಬೇಡ' ಎಂದು ಕೈಯಾಡಿಸಿದ. ಒಂದೊಂದು ಕಲ್ಲನ್ನೂ ತಿರುಗಿಸಿ, ಕೂರಿಸಿ, ಅಲುಗಾಡದ ಹಾಗೆ ಸಣ್ಣ ಚಕ್ಕೆ ಸೇರಿಸಿ, ಊರಿನ ಹುಟ್ಟಾ ಗಾರೆಯವರೂ ತಲೆದೂಗುವಂತೆ ಕಟ್ಟಿದ. ಪಾದ್ರಿ ಬಂದರು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸೇರಿ ನಲವತ್ತು ಜನ ಸುತ್ತ ಕೂತರು. ಏನು ಹೇಳಿ ಪ್ರಾರ್ಥಿಸಬೇಕೆಂದು ಪಾದ್ರಿಗೆ ತೋಚದೆ ಸುಲಾಮಿಯ ಮುಖ ನೋಡಿದರು.

ಅವಳು ಕೋಲೂರಿ ಎದ್ದು ನಿಂತಳು.

"ಎಲ್ಲಾ ಕಿವಿಗೊಟ್ಟು ಕೇಳಿ. ಇದು ಖಾಲಿ. ನಮ್ಮಪ್ಪ ತಾವಿಲಿ ಇದರಲ್ಲಿಲ್ಲ. ಅವನು ಎಲ್ಲಿ ಸತ್ತ, ಯಾರು ಮಣ್ಣು ಹಾಕಿದ್ರು, ನಮಗೆ ಗೊತ್ತಿಲ್ಲ. ನಾಳೆ ನಿಮ್ಮ ಮಕ್ಕಳು ಕೇಳಿದ್ರೆ ಗೊತ್ತಿಲ್ಲ ಅನ್ನಿ. ಹುಟ್ಟು ಹಾಕ್ತಿದ್ದ, ಹೋದ, ಬರ್ಲಿಲ್ಲ, ಅಷ್ಟು ಹೇಳಿ ಸಾಕು. ಒಂದು ಮಾತೂ ಸೇರಿಸಬೇಡಿ."

ಇಷ್ಟು ಹೇಳಿ ಅವಳು ಕೂತಳು. ಎರಡು ಗೋರಿಗಳ ನಡುವೆ, ಒಂದು ಕೈ ತಾಯಿಯ ಸುಣ್ಣದ ಮೇಲೆ, ಒಂದು ಕೈ ಕರಿಕಲ್ಲಿನ ಮೇಲೆ. ಮುಲಿನೂದಲ್ಲಿ ಅತ್ತ ಹಾಗೆ ಅಳಲಿಲ್ಲ, ಸದ್ದಿಲ್ಲದೆ ಅತ್ತಳು. ಔಕುಸೋ ಬಗ್ಗಿ ಬಗ್ಗಿ ಹಿಂದೆ ಒಲೆಯ ಕಡೆಗೆ ಸರಿದ, ಬಡಿಸುವವರ ಜೊತೆ ನಿಲ್ಲಲು. ಅವಳು ತಲೆಯೆತ್ತದೆಯೇ, "ಎಲ್ಲಿಗೋ ಹೋಗ್ತೀಯಾ? ಇಲ್ಲಿ ಬಾ, ಪಕ್ಕ ಕೂತ್ಕೋ" ಅಂದಳು.

ಅವನು ಹೋಗಿ ಕೂತ. ಒಳಗೆ ಹಂದಿ, ಕೆಸುವಿನ ಗಡ್ಡೆ ಎಲೆಯ ಮೇಲೆ ಆರುತ್ತಿದ್ದವು. ಮಧ್ಯಾಹ್ನ ಇಳಿಯುವವರೆಗೂ ಅವರಿಬ್ಬರನ್ನು ಊಟಕ್ಕೆ ಯಾರೂ ಕರೆಯಲಿಲ್ಲ, ಅವರು ಏಳದೆ ಯಾರೂ ಉಣ್ಣಲೂ ಇಲ್ಲ.